ದನಿ ಇಲ್ಲದ ದಿನಗಳ ಹರಿವೆ ಪಾತಿ

ಸೊರಬದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಕೂಗಿ ಹೇಳುವುದು ನನ್ನ ಕೆಲಸ. ಅದಕ್ಕೂ ಮೊದಲು ಬಹಳ ವರ್ಷ ಕಂಡಕ್ಟರ್ ಆಗಿದ್ದೆ. ಸೊಂಟ ನೋವು ಜಾಸ್ತಿಯಾದ ಮೇಲೆ, ಇನ್ನು ನಿಂತು ತಿರುಗುವುದು ಬೇಡ ಎಂದು ಮೇಲಿನವರು ನನ್ನನ್ನು ಆ ಸಣ್ಣ ಕೋಣೆಗೆ ಹಾಕಿದರು. ಕೂತು ಮಾಡುವ ಕೆಲಸ ಸಿಕ್ಕಿತೆಂದು ಹೆಂಡತಿ ಆ ದಿನ ಪಾಯಸ ಮಾಡಿದ್ದಳು.

ಕೂತ ಮೇಲೆ ತಿಳಿಯಿತು. ಬಸ್ಸು ತಡವಾದರೆ ಜನ ಡ್ರೈವರನ್ನು ಕೇಳುವುದಿಲ್ಲ, ಕಂಡಕ್ಟರನ್ನೂ ಕೇಳುವುದಿಲ್ಲ. ನನ್ನ ಕಿಟಕಿಗೆ ಬರುತ್ತಾರೆ. ಆಸ್ಪತ್ರೆಗೆ ಹೋಗಬೇಕಾದವರು, ಸಾವಿನ ಮನೆಗೆ ಹೊರಟವರು, ಪರೀಕ್ಷೆ ಬರೆಯಬೇಕಾದ ಹುಡುಗಿಯರು. ಯಾರ ಸಿಟ್ಟೂ ಸುಳ್ಳಲ್ಲ. ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾದ ಮೇಲೆ ಬಸ್ಸು ತುಂಬಿ ಬಾಗಿಲು ಹಾಕಲಾಗದೆ ನಿಲ್ಲುವುದೂ ಹೆಚ್ಚಾಯಿತು. ಆಗಲೂ ಬೈಗುಳ ನನಗೇ. ನಾನು ತಿರುಗಿ ಬೈಯುತ್ತಿರಲಿಲ್ಲ. ಬೈಯದೆ ಇರುವುದು ದೊಡ್ಡತನ ಎಂದುಕೊಂಡಿದ್ದೆ. ಅದೆಲ್ಲ ಒಳಗೆ ಎಲ್ಲಿಗೆ ಹೋಗಿ ಸೇರುತ್ತಿತ್ತೋ ಗೊತ್ತಿಲ್ಲ. ಮೊದಲು ಹೊಟ್ಟೆ ಉರಿ ಶುರುವಾಯಿತು. ಆಮೇಲೆ ನಿದ್ದೆ ಹೋಯಿತು. ಬಿಪಿ ಮಾತ್ರೆ ಬಂತು. ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಎದೆ ಹಾರುತ್ತಿತ್ತು.

ದೀಪಾವಳಿಯ ಹಿಂದಿನ ದಿನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಗರದ ಕಡೆಯಿಂದ ಬರಬೇಕಾದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಒಬ್ಬರು ಕಿಟಕಿಯ ಸರಳು ಹಿಡಿದು ಅಲ್ಲಾಡಿಸುತ್ತ, "ಬಾಯಲ್ಲಿ ಎಂತ ಇಟ್ಕಂಡಿದೀರಿ? ಹೇಳ್ರೀ!" ಅಂದರು. ನಾನು ಮೈಕಿನ ಗುಂಡಿ ಒತ್ತಿದೆ. ಬಾಯಿ ತೆರೆದೆ. ಬರೀ ಗಾಳಿ ಬಂತು. ಮತ್ತೆ ತೆರೆದೆ. ಮತ್ತೆ ಗಾಳಿ. ಪಕ್ಕದಲ್ಲಿದ್ದ ಸಹೋದ್ಯೋಗಿ ಮೈಕು ಕೆಟ್ಟಿದೆ ಎಂದುಕೊಂಡು ಅದನ್ನು ಬೆರಳಿನಿಂದ ಕುಟ್ಟಿದ. ಟಕ್ ಟಕ್ ಅನ್ನುವ ಸದ್ದು ನಿಲ್ದಾಣಕ್ಕೆಲ್ಲ ಕೇಳಿಸಿತು. ಮೈಕು ಸರಿಯಾಗಿಯೇ ಇತ್ತು.

ಹಬ್ಬದಲ್ಲಿ ನಾನು ಮೂಕನಂತೆ ಕೂತಿದ್ದೆ. ಹೆಂಡತಿ ಶುಂಠಿ ಕಷಾಯ, ಜೇನು, ಬಿಸಿನೀರಿನ ಹಬೆ ಎಲ್ಲ ಮಾಡಿದಳು. ಶಿವಮೊಗ್ಗದಲ್ಲಿ ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, "ಏನೂ ತೊಂದರೆ ಇಲ್ಲ, ಎಲ್ಲ ಚೆನ್ನಾಗಿದೆ" ಅಂದರು. ಆ ಮಾತು ಕೇಳಿ ನನಗೆ ಸಂತೋಷ ಆಗಬೇಕಿತ್ತು. ಆಗಿದ್ದು ಅವಮಾನ. ಏನೂ ತೊಂದರೆ ಇಲ್ಲದವನು ಮಾತಾಡುತ್ತಿಲ್ಲ ಎಂದರೆ ಜನ ಏನೆಂದುಕೊಳ್ಳುತ್ತಾರೆ? ಅಂದುಕೊಂಡಂತೆಯೇ ಆಯಿತು. ನೋಡಲು ಬಂದ ಒಬ್ಬರು, "ರಜೆ ಬೇಕಿತ್ತಂದ್ರೆ ಹಂಗೇ ಕೇಳ್ಬಹುದಿತ್ತಲ್ಲ" ಎಂದು ನಗುತ್ತ ಹೇಳಿ ಚಹಾ ಕುಡಿದು ಹೋದರು.

ಗಂಟಲಿನ ಡಾಕ್ಟರೇ ಶಿಕಾರಿಪುರದಲ್ಲಿ ಒಬ್ಬ ಮನೋವೈದ್ಯೆ ಇದ್ದಾರೆ, ಹೋಗಿ ನೋಡಿ ಎಂದು ಹೇಳಿ ಕಳಿಸಿದ್ದರು. ನನಗೆ ಮನಸ್ಸಿರಲಿಲ್ಲ. ಹೆಂಡತಿ ಕೈ ಹಿಡಿದು ಎಳೆದುಕೊಂಡು ಹೋದಳು. ಡಾಕ್ಟರಮ್ಮ ನಡುವಯಸ್ಸಿನವರು, ನಿಧಾನಸ್ಥೆ. ನನ್ನ ಬದಲು ಹೆಂಡತಿ ಎಲ್ಲ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಒಂದ್ಸಲ ಕೆಮ್ಮಿ" ಅಂದರು. ಕೆಮ್ಮಿದೆ. ಗಟ್ಟಿ ಸದ್ದು ಬಂತು.

"ಕೇಳಿಸ್ತಾ? ನಿಮ್ಮ ದನಿ ಎಲ್ಲೂ ಹೋಗಿಲ್ಲ. ನೀವು ನಾಟಕ ಮಾಡ್ತಿಲ್ಲ ಅನ್ನೋದೂ ನನಗೆ ಗೊತ್ತು. ಬಹಳ ದಿನ ಒತ್ತಡ ತಡೆದಿಟ್ಟುಕೊಂಡ್ರೆ ಮೈ ಒಂದು ಕಡೆ ಬ್ರೇಕ್ ಹಾಕ್ತದೆ. ಕೆಲವರಿಗೆ ಕೈಕಾಲು, ಕೆಲವರಿಗೆ ಹೊಟ್ಟೆ. ನಿಮಗೆ ಗಂಟಲು."

ನಾಟಕವಲ್ಲ ಎಂದು ಯಾರೋ ಮೊದಲ ಸಲ ಹೇಳಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿ ಕಿಟಕಿಯ ಕಡೆ ನೋಡಿದಳು.

ಸಣ್ಣದೊಂದು ಮಾತ್ರೆ ಕೊಟ್ಟರು. ಬಾಯಿ ಮುಚ್ಚಿ 'ಮ್' ಎಂದು ಗುಂಯ್‌ಗುಡುವ ಅಭ್ಯಾಸ ಹೇಳಿಕೊಟ್ಟರು. ಕೊನೆಗೆ, "ಬುಧವಾರ, ಶನಿವಾರ ಬೆಳಿಗ್ಗೆ ಉಡುತಡಿಗೆ ಬನ್ನಿ. ಅಲ್ಲಿ ನಮ್ಮ ತೋಟ ಇದೆ, ಕೆಲಸ ಮಾಡೋಣ" ಅಂದರು. ಹೊರಗೆ ಬಂದು ಹೆಂಡತಿಗೆ ಮೊಬೈಲಿನಲ್ಲಿ ಬರೆದು ತೋರಿಸಿದೆ: ದುಡ್ಡು ಕೊಟ್ಟು ಕೂಲಿ ಮಾಡಬೇಕಾ? ಅವಳು ಅದನ್ನು ಓದಿ, "ನೀವು ಹೋಗಿ ಬನ್ನಿ. ಮನೇಲಿ ಕೂತ್ರೆ ಇಬ್ರಿಗೂ ಹುಚ್ಚು ಹಿಡೀತದೆ" ಅಂದಳು.

ತೋಟ ಎಂದರೆ ದೊಡ್ಡದೇನಲ್ಲ. ಡಾಕ್ಟರಮ್ಮನ ಮನೆತನದ ಜಮೀನಿನ ಒಂದು ಮೂಲೆ. ಸುತ್ತ ಮೆಕ್ಕೆಜೋಳದ ಹೊಲಗಳು, ತಂತಿ ಬೇಲಿ, ಒಂದು ಬೋರ್‌ವೆಲ್, ಹೊಂಗೆ ಮರದ ಕೆಳಗೆ ಸಿಮೆಂಟಿನ ಕಟ್ಟೆ. ಬಂದವರಿಗೆಲ್ಲ ಒಂದೊಂದು ಪಾತಿ. ಊರಿನವರು ಅದನ್ನು ಔಷಧಿ ತೋಟ ಎನ್ನುತ್ತಿದ್ದರು. ಒಳಗೆ ಇದ್ದದ್ದು ಹರಿವೆ, ಮೂಲಂಗಿ, ಬದನೆ, ಚೆಂಡು ಹೂವು. ಯಾರ ಕಾಯಿಲೆಯನ್ನೂ ಯಾರೂ ಕೇಳಬಾರದು, ಮೊಬೈಲು ಕಟ್ಟೆಯ ಮೇಲಿನ ಬುಟ್ಟಿಯಲ್ಲಿ ಇರಬೇಕು, ಕೆಲಸ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಚಹಾ ಕುಡಿಯಬೇಕು. ಅಲ್ಲಿನ ಕಟ್ಟುಪಾಡು ಇಷ್ಟೇ.

ನನಗೆ ಹರಿವೆ ಬೀಜ ಕೊಟ್ಟರು. ಸಾಸಿವೆಗಿಂತ ಸಣ್ಣ ಕರಿ ಬೀಜ, ಬೆರಳಿಗೆ ಅಂಟಿಕೊಂಡರೆ ಬಿಡುವುದಿಲ್ಲ. ಮರಳಿನಲ್ಲಿ ಕಲಸಿ ತೆಳ್ಳಗೆ ಉದುರಿಸಿ ಎಂದರು. ನಾನು ಅವಸರದಲ್ಲಿ ಒಂದೇ ಕಡೆ ಸುರಿದೆ. ಮೊದಲ ದಿನಗಳಲ್ಲಿ ಪಾತಿಯ ಮುಂದೆ ಕೂತರೂ ತಲೆಯೊಳಗೆ ಬಸ್ಸುಗಳು ಹೊರಡುತ್ತಲೇ ಇದ್ದವು. ಈಗ ಬನವಾಸಿಯದು, ಈಗ ಆನವಟ್ಟಿಯದು, ಇದು ತಡ, ಅದು ರದ್ದು. ಮುಂದಿನ ವಾರ ಬಂದರೆ ಮಣ್ಣು ಹಾಗೇ ಬೋಳಾಗಿತ್ತು. ಬೀಜ ಕೆಟ್ಟಿರಬೇಕು ಎಂದು ಕೈಸನ್ನೆ ಮಾಡಿದೆ. ಡಾಕ್ಟರಮ್ಮ, "ಅದಕ್ಕೆ ನೀವು ಕಾಯ್ತಾ ಇರೋದು ಗೊತ್ತಿಲ್ಲಲ್ಲ" ಎಂದು ನಕ್ಕರು.

ಅದರ ಮುಂದಿನ ಸಲ ಹೋದಾಗ ಕೆಂಪು ಚುಕ್ಕಿಗಳಂತೆ ಮೊಳಕೆ ಎದ್ದಿತ್ತು, ನಾನು ಸುರಿದ ಕಡೆ ಒತ್ತೊತ್ತಾಗಿ. ಅದನ್ನು ಕಿತ್ತು ತೆಳುಮಾಡಬೇಕಿತ್ತು. ಮಂಡಿಯೂರಿ ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಎಳೆಯುತ್ತ ಹೋದೆ. ಮಣ್ಣು ತಣ್ಣಗಿತ್ತು. ಪಾತಿಯ ಈ ತುದಿಯಿಂದ ಆ ತುದಿಗೆ ಹೋಗುವವರೆಗೆ ಒಂದೇ ಒಂದು ಬಸ್ಸೂ ನೆನಪಾಗಲಿಲ್ಲ. ಚಹಾಕ್ಕೆ ಕರೆದಾಗಲೇ ಅದು ಗೊತ್ತಾದದ್ದು. ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಿ, ಸೊರಬ ಬಂದದ್ದೂ ತಿಳಿಯಲಿಲ್ಲ. ಕಂಡಕ್ಟರ್ ಬಂದು ಹೆಗಲು ತಟ್ಟಿ, "ಸಾಹೇಬ್ರೆ, ನಿಮ್ಮೂರಿಗೆ ನೀವೇ ಇಳೀಲಿಲ್ಲಂದ್ರೆ ಹೆಂಗೆ" ಅಂದ.

ದನಿ ಮಾತ್ರ ಬಂದಿರಲಿಲ್ಲ.

ಅಲ್ಲಿಗೆ ಬರುತ್ತಿದ್ದವರಲ್ಲಿ ಕ್ಯಾಸನೂರಿನ ಒಬ್ಬ ಹೆಂಗಸು ಇದ್ದರು. ನನಗಿಂತ ಸ್ವಲ್ಪ ದೊಡ್ಡವರು, ಗದ್ದೆ ಕೆಲಸ ಮಾಡಿದ ಗಟ್ಟಿ ಕೈ. ನಾನು ಮನಸ್ಸಿನಲ್ಲೇ ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಆ ಅಕ್ಕ ಕಟ್ಟೆಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ಬಿಸಿಲಲ್ಲೂ ಉದ್ದ ತೋಳಿನ ರವಿಕೆ, ಕಾಲಿಗೆ ಕಾಲುಚೀಲ, ಮೈಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆಯ ವಾಸನೆ. ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರೆ ಚಹಾ ಕುಡಿದು ಹೊರಡುವವರೆಗೂ ಅಲ್ಲೇ. ಡಾಕ್ಟರಮ್ಮ ಇಳಿಯಿರಿ ಎಂದು ಒಮ್ಮೆಯೂ ಹೇಳಲಿಲ್ಲ. ಒಂದು ಕುಂಡ ತಂದು ಅವರ ಪಕ್ಕ ಇಟ್ಟರು, ಅಷ್ಟೇ. ಕುಂಡವೂ ಬಹಳ ದಿನ ಖಾಲಿಯೇ ಇತ್ತು.

ನಾವಿಬ್ಬರೂ ಸೊರಬದಿಂದ ಒಂದೇ ಬಸ್ಸಿಗೆ ಹತ್ತಬೇಕಿತ್ತು. ಒಂದು ದಿನ ಪಕ್ಕದ ಸೀಟಿನಲ್ಲಿ ಕೂತು, "ನೀವು ಮಾತೇ ಆಡಲ್ಲಲ್ರೀ" ಅಂದರು. ನಾನು ಗಂಟಲು ಮುಟ್ಟಿ ಕೈ ಆಡಿಸಿದೆ. ಹಿಂದಿನ ಸೀಟಿನಲ್ಲಿ ನನ್ನ ಪರಿಚಯದವರೊಬ್ಬರು ಕೂತಿದ್ದರು. "ಇವ್ರು ನಮ್ ಬಸ್‌ಸ್ಟ್ಯಾಂಡಲ್ಲಿ ಮೈಕಲ್ಲಿ ಕೂಗೋರು" ಎಂದು ಅವರೇ ಹೇಳಿದರು.

ಅಕ್ಕ ಪೂರ್ತಿ ನನ್ನ ಕಡೆ ತಿರುಗಿ ಕೂತರು. "ನೀವೇನ್ರೀ ಅದು? 'ಸಿದ್ದಾಪುರಕ್ಕೆ ಹೋಗೋರು ಬೇಗ ಹತ್ತಿ' ಅಂತ ಹೇಳ್ತಿದ್ರಲ್ಲ, ಆ ದನಿ ನಿಮ್ದಾ? ಅಯ್ಯೋ, ನಾನು ಎಷ್ಟು ವರ್ಷದಿಂದ ಕೇಳಿದೀನಿ! ಈಗ ಬೇರೆ ಯಾರೋ ಕೂಗ್ತಾರೆ, ಎಂತ ಹೇಳ್ತಾರಂತ ತಿಳಿಯಾದೇ ಇಲ್ಲ."

ನನ್ನ ದನಿಯನ್ನು ಯಾರಾದರೂ ಗುರುತಿಟ್ಟುಕೊಂಡಿರಬಹುದು ಎಂದು ನಾನು ಎಣಿಸಿರಲಿಲ್ಲ. ಕಿಟಕಿಗೆ ಬಂದು ಬೈದವರ ಮುಖಗಳಷ್ಟೇ ನನಗೆ ನೆನಪಿದ್ದವು.

ನಾನು ಮಾತಾಡದವನಾದ್ದರಿಂದಲೋ ಏನೋ, ಅವರು ತಮ್ಮ ಕತೆಯನ್ನೆಲ್ಲ ಹೇಳಿಕೊಂಡರು. ಹಿಂದಿನ ಬೇಸಿಗೆಯಲ್ಲಿ ಅವರ ಸೊಸೆಗೆ ಮಂಗನ ಕಾಯಿಲೆ ಬಂದಿತ್ತು. ಕಾಡಿನಲ್ಲಿ ಮೈಗೆ ಹತ್ತಿ ರಕ್ತ ಹೀರುವ ಉಣುಗು ಹುಳು ಕಚ್ಚಿ ಬರುವ ಜ್ವರ ಅದು. ಆ ಹುಳು ಹತ್ತದಿರಲೆಂದೇ ಆರೋಗ್ಯ ಕೇಂದ್ರದವರು ಮೈಗೆ ಹಚ್ಚಲು ಎಣ್ಣೆ ಕೊಡುವುದು. ನಮ್ಮ ತಾಲ್ಲೂಕಿನವರಿಗೆ ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಕೊಟ್ಟಿಗೆಗೆ ಹಾಸಕ್ಕೆ ದರಗು, ಒಣಗಿದೆಲೆ ಬೇಕಿತ್ತು. ನಂಗೆ ಮಂಡಿ ನೋವು. ನೀನೇ ಕಾಡಿಗೆ ಹೋಗಿ ಗುಡಿಸ್ಕೊಂಡ್ ಬಾ ಅಂತ ಕಳ್ಸಿದೆ. ಜ್ವರ ಬಂದು ಮೂಗಲ್ಲಿ ಬಾಯಲ್ಲಿ ರಕ್ತ ಬಂತು ಕಣ್ರೀ. ದೊಡ್ಡಾಸ್ಪತ್ರೆಲಿ ಅವಳ ಪಕ್ಕ ಕೂತ್ಕಂಡು ಎಲ್ಲ ದೇವ್ರಿಗೂ ಹೇಳ್ಕಂಡೆ. ಉಳ್ಕಂಡ್ಳು. ಈಗ ಚೆಂದಾಗಿ ಓಡಾಡ್ತಾಳೆ, ನನ್ನ ಮೇಲೆ ಸಿಟ್ಟೂ ಇಲ್ಲ. ನಂಗೇ ಇದು ಹಿಡ್ಕಂಡಿರೋದು. ಮೈಯೆಲ್ಲ ಹುಳ ಹರಿದಂಗೆ. ತುರಿಸಿ ತುರಿಸಿ ಗಾಯ. ನೋಡಿದ್ರೆ ಒಂದು ಹುಳನೂ ಇಲ್ಲ. ಹಸಿರು ಕಂಡ್ರೆ ಕಾಲು ಮುಂದಕ್ಕೆ ಹೋಗಲ್ಲ. ಅಂಗಳದ ತುಳಸಿಗೆ ನೀರು ಹಾಕೋಳೂ ಅವಳೇ ಈಗ."

ಹಸಿರಿಗೆ ಹೆದರುವವರನ್ನು ತೋಟಕ್ಕೆ ಕರೆಸುವುದು ಯಾವ ಚಿಕಿತ್ಸೆ ಎಂದು ನನಗೆ ಅರ್ಥವಾಗಲಿಲ್ಲ. ಡಾಕ್ಟರಮ್ಮನಿಗೆ ಮೊಬೈಲಿನಲ್ಲಿ ಬರೆದು ಕೇಳಿದೆ. ಅವರು, "ಕ್ಯಾಸನೂರಿನ ಕಾಡಲ್ಲಿ ಅವರು ಹೆದರೋದು ಸರಿಯಾಗೇ ಇದೆ. ಆ ಭಯ ನಾನು ತೆಗೆಯೋದಿಲ್ಲ. ಇಲ್ಲಿ ಹೆದರಬೇಕಾಗಿಲ್ಲ ಅನ್ನೋದು ಅವರ ಮೈಗೆ ತಿಳೀಬೇಕು. ಅದಕ್ಕೆ ಅದರದ್ದೇ ಹೊತ್ತು ಬೇಕು" ಎಂದರು.

ಒಂದು ಬುಧವಾರ ಅಕ್ಕ ನನ್ನನ್ನು ಕರೆದು, ಕುಂಡಕ್ಕೆ ಮಣ್ಣು ತುಂಬಿಕೊಡಿ ಎಂದರು. ಮಣ್ಣನ್ನು ಜರಡಿ ಹಿಡಿದು, ಬಿಸಿಲಿಗೆ ಹರವಿ, ಆಮೇಲೆ ತುಂಬಬೇಕಂತೆ. ಹಾಗೆಯೇ ಮಾಡಿದೆ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಕೊತ್ತಂಬರಿ ಬೀಜ ಊರಿದರು. ಕೆಲವು ವಾರಗಳ ನಂತರ ಸೊಪ್ಪು ಬಂದಾಗ ಕವರು ಇರಲಿಲ್ಲ. ಬರಿಗೈಯಲ್ಲಿ ಎಲೆ ಸವರಿ ಮೂಸಿ, ಆಮೇಲೆ ಕೈಯನ್ನು ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ನೋಡಿಕೊಂಡರು. ಕಟ್ಟೆಯಿಂದ ಮಾತ್ರ ಇಳಿಯಲಿಲ್ಲ.

ಸಂಕ್ರಾಂತಿ ಕಳೆದು ಹೊಲಗಳೆಲ್ಲ ಖಾಲಿಯಾದವು. ಕುರಿ ಸಾಕುವವರು ಮಂದೆಗಳನ್ನು ಕೊಯ್ದ ಹೊಲಕ್ಕೆ ಬಿಟ್ಟುಕೊಂಡು ಬರುವ ಕಾಲ. ಆ ಶನಿವಾರ ಡಾಕ್ಟರಮ್ಮ ಇನ್ನೂ ಬಂದಿರಲಿಲ್ಲ, ಉಳಿದವರೂ ಬಂದಿರಲಿಲ್ಲ. ನಾವಿಬ್ಬರೇ. ನಾನು ಬೋರ್‌ವೆಲ್ ಹತ್ತಿರ ಕೊಡಕ್ಕೆ ನೀರು ಹಿಡಿಯುತ್ತಿದ್ದೆ. ಗೇಟು ಹಾಕಿದ್ದೆನೋ ಇಲ್ಲವೋ, ಗಾಳಿಗೆ ತೆರೆಯಿತೋ. ತಿರುಗಿ ನೋಡಿದರೆ ಕುರಿಗಳು ಒಂದರ ಹಿಂದೆ ಒಂದು ನುಗ್ಗುತ್ತಿವೆ. ಮುಂದಿನವು ಆಗಲೇ ಬದನೆ ಗಿಡಗಳನ್ನು ತುಳಿದು ನನ್ನ ಹರಿವೆಗೆ ಬಾಯಿ ಹಾಕಿದ್ದವು. ಕೂಗಲು ಹೋದೆ. ಗಾಳಿ ಬಂತು. ಕೊಡ ಬಿಟ್ಟು, ಚಪ್ಪಾಳೆ ತಟ್ಟುತ್ತ ಓಡಿದೆ. ಕುರಿಗಳು ತಲೆ ಎತ್ತಿ ನೋಡಿ ಮತ್ತೆ ತಿನ್ನತೊಡಗಿದವು.

ಅಷ್ಟರಲ್ಲಿ ಕಟ್ಟೆಯ ಮೇಲಿಂದ "ಹೈ! ಹೈ! ಏಯ್, ಹೋಗ್ತೀಯೋ ಇಲ್ವೋ!" ಎಂಬ ಕೂಗು ಬಂತು. ಅಕ್ಕ ಎದ್ದು ನಿಂತಿದ್ದರು. ಮರುಕ್ಷಣ ಕೆಳಗೆ ಹಾರಿದರು. ಕಾಲಲ್ಲಿ ಚಪ್ಪಲಿಯೂ ಇಲ್ಲ. ಸೀರೆ ಎತ್ತಿ ಕಟ್ಟಿ, ಮೂಲಂಗಿ ಸಾಲು ದಾಟಿ, ಹರಿವೆಯ ನಡುವೆ ನುಗ್ಗಿ, ಒಂದು ಟಗರಿನ ಕೊಂಬು ಹಿಡಿದು ತಿರುಗಿಸಿ ಗೇಟಿನ ಕಡೆ ತಳ್ಳಿದರು. ಟಗರು ಹೊರಟಿತು. ಉಳಿದವೂ ಅದರ ಹಿಂದೆ ಹೊರಟವು. ನಾನು ಹೋಗಿ ಗೇಟು ಹಾಕಿ ತಿರುಗಿದೆ.

ಅಕ್ಕ ಹರಿವೆಯ ನಡುವೆ ನಿಂತಿದ್ದರು. ಮೊಣಕಾಲುದ್ದ ಸೊಪ್ಪು. ತಾವು ಎಲ್ಲಿದ್ದೇವೆ ಎಂಬುದು ಆಗ ತಿಳಿಯಿತೆಂದು ಕಾಣುತ್ತದೆ. ಎರಡೂ ಕೈ ಮೈಯಿಂದ ದೂರ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡುಬಿಟ್ಟರು.

"ಹತ್ತೈತಾ ನೋಡ್ರೀ. ಕಾಲಿಗೆ ಹತ್ತೈತಾ? ಹರಿದಂಗಾಗ್ತೈತೆ. ನೋಡ್ರೀ, ನಾನು ಕಣ್ಣು ಬಿಡಲ್ಲ. ನೀವೇ ನೋಡಿ ಹೇಳ್ರೀ."

ಹತ್ತಿರ ಹೋಗಿ ಕೂತು ನೋಡಿದೆ. ಕಾಲುಚೀಲದ ಮೇಲೆ ಮಣ್ಣು, ಹರಿದ ಎಲೆಯ ಚೂರುಗಳು. ಬೇರೇನೂ ಇಲ್ಲ. ತಲೆ ಅಲ್ಲಾಡಿಸಿದೆ. ಅವರು ಕಣ್ಣು ಮುಚ್ಚಿದ್ದಾರೆ, ತಲೆ ಅಲ್ಲಾಡಿಸಿ ಏನು ಪ್ರಯೋಜನ? ಕೈ ಮುಟ್ಟಿ ಹೇಳೋಣವೆಂದರೆ, ಮೈಗೆ ಏನು ತಾಗಿದರೂ ಹೌಹಾರುವ ಸ್ಥಿತಿ.

"ಹೇಳ್ರೀ! ಐತಾ?"

"ಇಲ್ಲ."

ಯಾರೋ ಬಾಗಿಲು ಎಳೆದಂತೆ, ಒರಟಾದ, ಹರಿದ ದನಿ. ನನ್ನದೇ ಎಂದು ನನಗೆ ಗುರುತು ಸಿಗಲಿಲ್ಲ. ಅಕ್ಕ ಕಣ್ಣು ಬಿಡಲಿಲ್ಲ.

"ಖರೆ ಇಲ್ವಾ?"

"ಏನೂ ಇಲ್ಲಕ್ಕಾ. ಬರೀ ಮಣ್ಣು. ಎಲೆ ಚೂರು. ಕಣ್ಣು ಬಿಡಿ."

ಆಗ ಅವರು ಕಣ್ಣು ಬಿಟ್ಟರು. ಮೊದಲು ತಮ್ಮ ಕಾಲು ನೋಡಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. "ಮಾತಾಡಿದ್ರಲ್ಲ!" ಅಂದರು. ಇಬ್ಬರೂ ಅಲ್ಲೇ, ತುಳಿದು ಹಾಳಾದ ಸೊಪ್ಪಿನ ನಡುವೆ ಕೂತುಬಿಟ್ಟೆವು. ಅವರು ಅತ್ತರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಈಗ ಹೇಳಲಾರೆ.

ಗೇಟಿನ ಹೊರಗೆ ಕುರಿ ಕಾಯುವವರೊಬ್ಬರು ಓಡುತ್ತ ಬಂದು ನಿಂತರು. ಬಯಲುಸೀಮೆ ಕಡೆಯವರು, ಹೆಗಲ ಮೇಲೆ ಕಂಬಳಿ. ನಮ್ಮನ್ನು ನೋಡಿ ಗಾಬರಿಯಾದರು. "ತಪ್ಪಾತ್ರೀ. ಅಳಬ್ಯಾಡ್ರೀ ಅಕ್ಕಾರ. ಕುರಿಗೇನ್ ಗೊತ್ತಾಗ್ತೈತ್ರೀ ಇದು ಔಷಧಿ ತೋಟ ಅಂತ? ಒಂದು ಗಾಡಿ ಹಿಕ್ಕಿಗೊಬ್ಬರ ಹಾಕಿಸ್ತೀನಿ, ಬೈಬ್ಯಾಡ್ರೀ."

"ಹಾಕಿಸಿ" ಎಂದೆ. ಆ ಹೊತ್ತಿಗೆ ಇನ್ನೂ ಒಂದು ಮಾತು ಆಡಬೇಕೆಂಬ ಆಸೆಯಾಗಿತ್ತು.

ಡಾಕ್ಟರಮ್ಮ ಬಂದಾಗ ಅರ್ಧ ತೋಟ ಕುರಿಯ ಪಾಲಾಗಿತ್ತು. ನಡೆದದ್ದನ್ನು ನಾನೇ ಹೇಳಿದೆ, ತಡೆತಡೆದು. ಅವರು ಚಪ್ಪಾಳೆ ತಟ್ಟಲಿಲ್ಲ, ಪವಾಡ ಎನ್ನಲಿಲ್ಲ. "ದನಿ ನಾಳೆ ಮತ್ತೆ ಹೋಗಬಹುದು. ಹೋದರೆ ಹೆದರಬೇಡಿ" ಎಂದರು.

ಹಾಗೆಯೇ ಆಯಿತು. ಸಂಜೆ ಹೆಂಡತಿಗೆ "ಬಂದೆ" ಎಂದು ಹೇಳುವಷ್ಟು ಇತ್ತು. ಅವಳು ಒಲೆ ಮೇಲಿನ ಹಾಲು ಉಕ್ಕುವುದನ್ನೂ ಬಿಟ್ಟು ನಿಂತಳು. ಮರುದಿನ ಬೆಳಿಗ್ಗೆ ಎದ್ದಾಗ ಮತ್ತೆ ಗಾಳಿ. ನನಗಿಂತ ಹೆಚ್ಚು ಅವಳು ಕುಸಿದಳು. ನಾನು ತೋಟಕ್ಕೆ ಹೋಗುವುದನ್ನು ಬಿಡಲಿಲ್ಲ. ತುಳಿದ ಪಾತಿಯನ್ನು ಅಗೆದು, ಬಂದ ಕುರಿಗೊಬ್ಬರ ಹಾಕಿ, ಈ ಸಲ ಬೀಜವನ್ನು ಮರಳಿನಲ್ಲಿ ಸರಿಯಾಗಿ ಕಲಸಿ ತೆಳ್ಳಗೆ ಉದುರಿಸಿದೆ. ಅಕ್ಕ ದಿನಕ್ಕಿಷ್ಟು ಎಂದು ಕಟ್ಟೆಯಿಂದ ಇಳಿಯತೊಡಗಿದರು. ಇಳಿದ ಮೇಲೆ ಪ್ರತಿ ಸಲ, "ಹತ್ತೈತೇನ್ರೀ?" ಎಂದು ಕೇಳುತ್ತಿದ್ದರು. ಪ್ರತಿ ಸಲ ನಾನು ನೋಡಿ ಹೇಳಬೇಕಿತ್ತು. ಅವರಿಗೆ ಹೇಳುವಾಗ ದನಿ ಬರುತ್ತಿತ್ತು. ಬೇರೆ ಕಡೆ ಒಮ್ಮೆ ಬಂದರೆ ಒಮ್ಮೆ ಇಲ್ಲ. ಯುಗಾದಿ ಹೊತ್ತಿಗೆ ಮನೆಯಲ್ಲಿ ಉಳಿದುಕೊಂಡಿತು. ಮಳೆ ಹಿಡಿಯುವ ಮುಂಚೆ ಅಂಗಡಿಯಲ್ಲಿ, ರಸ್ತೆಯಲ್ಲಿ, ಫೋನಿನಲ್ಲಿಯೂ ಬಂತು.

ನಾನು ಕೆಲಸಕ್ಕೆ ವಾಪಸು ಹೋಗುವ ಮುಂಚೆ ಡಾಕ್ಟರಮ್ಮ ನನ್ನ ಮೇಲಧಿಕಾರಿಯ ಹತ್ತಿರ ಮಾತಾಡಿದರು. ಆ ಅಧಿಕಾರಿ ಒಳ್ಳೆಯವರು, ಒಪ್ಪಿಕೊಂಡರು. ಈಗ ಮೈಕಿನ ಮುಂದೆ ಇಡೀ ದಿನ ಒಬ್ಬನೇ ಕೂರುವುದಿಲ್ಲ. ನಾನೂ ಸಹೋದ್ಯೋಗಿಯೂ ಹಂಚಿಕೊಂಡಿದ್ದೇವೆ. ಜನ ಈಗಲೂ ಕಿಟಕಿಗೆ ಬಂದು ಬೈಯುತ್ತಾರೆ. ನಾನೂ ಹೇಳುತ್ತೇನೆ, "ಬಸ್ಸು ನನ್ನ ಜೇಬಲ್ಲಿಲ್ಲ ಸ್ವಾಮಿ, ನಂಗೂ ಬೇಜಾರಿದೆ" ಎಂದು. ಹಾಗೆ ಹೇಳಿದರೆ ಬಹಳ ಮಂದಿ ನಗುತ್ತಾರೆ. ನಗದವರೂ ಇದ್ದಾರೆ. ಬಿಪಿ ಮಾತ್ರೆ ಮುಂದುವರಿದಿದೆ. ಹೊಟ್ಟೆ ಉರಿ ಕಡಿಮೆ.

ಹೋದ ಮಳೆಗಾಲ ಮುಗಿದ ಮೇಲೆ ಅಕ್ಕ ಊಟಕ್ಕೆ ಕರೆದರು. ಹೆಂಡತಿಯ ಜೊತೆ ಕ್ಯಾಸನೂರಿಗೆ ಹೋದೆ. ಸೊಸೆ ಬಾಗಿಲಲ್ಲೇ ನಿಂತು ಕಾಲು ತೊಳೆಯಲು ನೀರು ಕೊಟ್ಟಳು. ಮನೆಯ ಹಿಂದೆ ಚಪ್ಪರದ ತುಂಬ ಅವರೆ ಹಬ್ಬಿತ್ತು. ಅಕ್ಕ ಅದರ ಕೆಳಗೆ ನಿಂತು ಕಾಯಿ ಕೀಳುತ್ತಿದ್ದರು. ಮೈಗೆ ಎಣ್ಣೆ ಹಚ್ಚಿಕೊಂಡಿದ್ದರು, ತೋಳಿನ ಮೇಲೆ ಹಳೆಯ ಗಾಯದ ಕಲೆಗಳು ಹಾಗೇ ಇದ್ದವು.

"ಕಾಡಿಗೆ ಈಗ್ಲೂ ಹೋಗಲ್ಲ" ಎಂದರು ಅಕ್ಕ. "ಇವಳನ್ನೂ ಕಳ್ಸಲ್ಲ. ಕೊಟ್ಟಿಗೆಗೆ ಭತ್ತದ ಹೊಟ್ಟು ತರ್ತೀವಿ. ಹಿತ್ಲು ಮಾತ್ರ ನಂದು."

"ತುರಿಕೆ?" ಎಂದು ಕೇಳಿದೆ.

"ಬರ್ತದೆ ಆವಾಗಾವಾಗ. ಬಂದ್ರೆ ಒಂದ್ಸಲ ನೋಡ್ಕತೀನಿ. ಏನೂ ಇಲ್ಲಂದ್ರೆ ಕೆಲಸಕ್ಕೆ ಹೋಗ್ತೀನಿ."

ಸೊಸೆ ಒಳಗಿನಿಂದ ಕೂಗಿ, ಎಲೆ ಹಾಕಿಯಾಗಿದೆ, ಎಲ್ಲರೂ ಬನ್ನಿ ಎಂದಳು. ಅಕ್ಕ ಸೆರಗಿನ ತುಂಬ ಅವರೆಕಾಯಿ ತುಂಬಿಕೊಂಡು ಮುಂದೆ ನಡೆದರು. ನಾವಿಬ್ಬರೂ ಅವರ ಹಿಂದೆ ಹೋಗಿ ಊಟಕ್ಕೆ ಕೂತೆವು.